ಒತ್ತುವ ಮೊದಲು ಓದಿಕೊಳ್ಳಿ: ಜಾಲತಾಣ ಮತ್ತು ಆ್ಯಪ್‌ಗಳ ತಾಂತ್ರಿಕ ಪದಗಳಿಗೆ ಹಂತ ಹಂತದ ಮಾರ್ಗದರ್ಶಿ

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ವಾರ ಬಂತೆಂದರೆ ನಮ್ಮ ಬೀದಿಯ ನಾಲ್ಕಾರು ಮನೆಯವರು ಫೋನು ಹಿಡಿದು ಬರುತ್ತಾರೆ. ಎಲ್ಲರ ದೂರೂ ಒಂದೇ: "ಸೈಟು ಓಪನ್ ಆಗುತ್ತೆ, ಅರ್ಜಿ ಮಾತ್ರ ಹೋಗ್ತಿಲ್ಲ." ಪಕ್ಕದಲ್ಲಿ ಕುಳಿತು ನೋಡಿದರೆ ಹೆಚ್ಚಿನ ಸಲ ಕೆಟ್ಟಿರುವುದು ಸೈಟೂ ಅಲ್ಲ, ಫೋನೂ ಅಲ್ಲ. ಒಬ್ಬರು ಪಾಸ್‌ವರ್ಡ್ ಕೇಳುವ ಪೆಟ್ಟಿಗೆಗೆ ಓಟಿಪಿ ತುಂಬಿರುತ್ತಾರೆ. ಇನ್ನೊಬ್ಬರು 200 ಕೆಬಿ ಮೀರಬಾರದು ಎಂದಿರುವಲ್ಲಿ 4 ಎಂಬಿಯ ಫೋಟೋ ಏರಿಸಲು ಹೋಗಿ ಮೂರು ಸಲ ಸೋತಿರುತ್ತಾರೆ. ಮತ್ತೊಬ್ಬರು ಸೇವ್ ಒತ್ತಿದ್ದನ್ನೇ ಸಬ್‌ಮಿಟ್ ಎಂದು ನಂಬಿ ಹದಿನೈದು ದಿನ ಸುಮ್ಮನಿದ್ದಿರುತ್ತಾರೆ.

ಇಂಥ ಪದಗಳಿಗೆ ಅರ್ಥ ಹೇಳುವ ಪಟ್ಟಿಗಳು ಬೇಕಾದಷ್ಟಿವೆ. ಆದರೆ ಪಟ್ಟಿಯಲ್ಲಿ ಕಲಿತ ಪದ ಪರದೆಯ ಮುಂದೆ ಕುಳಿತಾಗ ಕೈಗೆ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಪದಗಳನ್ನು ಕೆಲಸ ನಡೆಯುವ ಕ್ರಮದಲ್ಲೇ ಜೋಡಿಸಿದ್ದೇನೆ. ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ನಾನು ಕಂಡ ಸೋಲುಗಳಲ್ಲಿ ಅರ್ಧದಷ್ಟು ಪದ ಗೊತ್ತಿಲ್ಲದ್ದರಿಂದಲ್ಲ, ಮೂರನೆಯದಾಗಿ ಮಾಡಬೇಕಾದ ಕೆಲಸವನ್ನು ಆರನೆಯದಾಗಿ ಮಾಡಿದ್ದರಿಂದ ಆದವು. ಉದಾಹರಣೆಗಳನ್ನು ವಿದ್ಯಾರ್ಥಿವೇತನ, ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕಿನ ಕೆಲಸಗಳಿಂದ ತೆಗೆದುಕೊಂಡಿದ್ದೇನೆ. ಪದಗಳು ಎಲ್ಲ ಕಡೆಗೂ ಅನ್ವಯಿಸುತ್ತವೆ.

## ಕುಳಿತುಕೊಳ್ಳುವ ಮೊದಲು ಹತ್ತಿರ ಇರಬೇಕಾದವು

ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಯ ಸಿಮ್ ಚಾಲ್ತಿಯಲ್ಲಿದ್ದು, ಆ ಫೋನು ಅದೇ ಕೋಣೆಯಲ್ಲಿರಬೇಕು. ಸಿಮ್ ಮಗನ ಬಳಿ ಬೆಂಗಳೂರಿನಲ್ಲಿದ್ದು, ನೀವು ಊರಿನಲ್ಲಿ ಕುಳಿತರೆ ಓಟಿಪಿಯ ಹಂತದಲ್ಲಿ ಕೆಲಸ ನಿಲ್ಲುತ್ತದೆ. ಫೋನಿನಲ್ಲಿ ಸ್ವಲ್ಪ ಖಾಲಿ ಜಾಗ, ಅರ್ಧಕ್ಕಿಂತ ಹೆಚ್ಚು ಚಾರ್ಜ್, ಮೂಲ ದಾಖಲೆಗಳು, ಬ್ಯಾಂಕ್ ಪಾಸ್‌ಬುಕ್, ಒಂದು ನೋಟ್‌ಬುಕ್ ಮತ್ತು ಪೆನ್ನು ಇಟ್ಟುಕೊಳ್ಳಿ. ಈ ನೋಟ್‌ಬುಕ್ಕನ್ನು ಹಗುರವಾಗಿ ಕಾಣಬೇಡಿ. ಬಳಕೆದಾರ ಹೆಸರು, ಅರ್ಜಿ ಸಂಖ್ಯೆ, ದಿನಾಂಕ ಇವನ್ನೆಲ್ಲ ಅದರಲ್ಲಿ ಬರೆಯುತ್ತೀರಿ. ಪಾಸ್‌ವರ್ಡ್ ಬರೆಯುವುದಾದರೆ ಆ ಪುಸ್ತಕ ಮನೆಯ ಬೀರುವಿನಲ್ಲಿರಲಿ, ಫೋನಿನ ಕವರಿನೊಳಗೆ ಬೇಡ.

## ಹಂತ 1: ಎಲ್ಲಿದ್ದೀರಿ ಎಂಬುದನ್ನು ಗುರುತಿಸಿ

ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಇವು ಬ್ರೌಸರ್‌ಗಳು, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ಆ್ಯಪ್‌ಗಳು. ಗೂಗಲ್ ಎಂಬುದು ಸರ್ಚ್ ಎಂಜಿನ್; ನೀವು ಕೇಳಿದ್ದಕ್ಕೆ ಸಂಬಂಧಿಸಿದ ತಾಣಗಳ ಪಟ್ಟಿಯನ್ನು ಅದು ಕೊಡುತ್ತದೆ, ಆ ತಾಣಗಳಿಗೆ ಅದು ಜವಾಬ್ದಾರನಲ್ಲ. ಜಾಲತಾಣ ಅಥವಾ ವೆಬ್‌ಸೈಟ್ ಎಂದರೆ ಆ ಪಟ್ಟಿಯಿಂದ ನೀವು ಒಳಹೊಕ್ಕ ಮನೆ. ಆ್ಯಪ್ ಎಂದರೆ ಒಂದು ಸಂಸ್ಥೆಯ ಸೇವೆಗೆಂದೇ ನಿಮ್ಮ ಫೋನಿನೊಳಗೆ ತಂದು ಕೂರಿಸಿಕೊಂಡ ತಂತ್ರಾಂಶ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಹುಡುಕಾಟದ ಪಟ್ಟಿಯಲ್ಲಿ ಮೊದಲು ಕಂಡದ್ದನ್ನೇ ಸರ್ಕಾರಿ ತಾಣವೆಂದು ಒತ್ತುವುದು. ಪಟ್ಟಿಯ ಮೇಲ್ತುದಿಯಲ್ಲಿ "ಪ್ರಾಯೋಜಿತ" ಅಥವಾ "ಸ್ಪಾನ್ಸರ್ಡ್" ಎಂದು ಸಣ್ಣದಾಗಿ ಬರೆದಿರುವವು ದುಡ್ಡು ಕೊಟ್ಟು ಮೇಲೆ ಬಂದ ಜಾಹೀರಾತುಗಳು. ಅವನ್ನು ದಾಟಿ ಕೆಳಗಿಳಿಯಿರಿ. ಬ್ಯಾಂಕಿನ ಕಸ್ಟಮರ್ ಕೇರ್ ಸಂಖ್ಯೆಯನ್ನಂತೂ ಹುಡುಕಾಟದಿಂದ ಎಂದಿಗೂ ತೆಗೆದುಕೊಳ್ಳಬೇಡಿ. ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಭಾಗದಲ್ಲೋ ಅಚ್ಚಾಗಿರುವ ಸಂಖ್ಯೆಗೇ ಕರೆ ಮಾಡಿ.

## ಹಂತ 2: ವಿಳಾಸವನ್ನು ಹಿಂದಿನಿಂದ ಓದಿ

ಬ್ರೌಸರಿನ ಮೇಲ್ಭಾಗದ ಉದ್ದನೆಯ ಪೆಟ್ಟಿಗೆಯಲ್ಲಿ ಕಾಣುವುದೇ ಯುಆರ್‌ಎಲ್, ಅಂದರೆ ಆ ಪುಟದ ಪೂರ್ಣ ವಿಳಾಸ. ಅದರಲ್ಲಿ ಮನೆಯ ಯಜಮಾನ ಯಾರೆಂದು ಹೇಳುವ ಭಾಗಕ್ಕೆ ಡೊಮೇನ್ ಎಂದು ಹೆಸರು. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಕಲಿಯಲು ಸಮಯವಿದ್ದರೆ ಇದನ್ನು ಕಲಿಯಿರಿ.

ಅಂಚೆ ವಿಳಾಸವನ್ನು ನೆನಪಿಸಿಕೊಳ್ಳಿ. ಮೊದಲು ಮನೆಯ ಹೆಸರು, ಆಮೇಲೆ ಬೀದಿ, ಊರು, ತಾಲೂಕು, ಕೊನೆಗೆ ಜಿಲ್ಲೆ. ಪತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸುವುದು ಕೊನೆಯ ಸಾಲು. ಜಾಲತಾಣದ ವಿಳಾಸವೂ ಹಾಗೆಯೇ. ನಾಡಕಚೇರಿಯ ತಾಣದ ವಿಳಾಸ "ನಾಡಕಚೇರಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್". ಪೆಟ್ಟಿಗೆಯಲ್ಲಿ ಇದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಡಾಟ್ ಎಂದರೆ ಚುಕ್ಕೆ. ಹಿಂದಿನಿಂದ ಓದಿದರೆ "ಗವ್ ಡಾಟ್ ಇನ್" ಭಾರತದ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಕೊನೆ, ಅದರ ಹಿಂದೆ ಕರ್ನಾಟಕ, ಅದರ ಹಿಂದೆ ನಾಡಕಚೇರಿ. ಸೇವಾ ಸಿಂಧು, ಆಸ್ತಿ ನೋಂದಣಿಯ ಕಾವೇರಿ, ಪಹಣಿ ಕೊಡುವ ಭೂಮಿ, ಎಲ್ಲದರ ಕೊನೆಯೂ ಇದೇ. ಕೆಲವು ಸರ್ಕಾರಿ ತಾಣಗಳು "ಎನ್‌ಐಸಿ ಡಾಟ್ ಇನ್" ಎಂದೂ ಮುಗಿಯುತ್ತವೆ. ಡಾಟ್ ಕಾಮ್, ಬರೀ ಡಾಟ್ ಇನ್, ಡಾಟ್ ಆರ್ಗ್ ಇವನ್ನಾದರೆ ನೀವೂ ನಾನೂ ಇಂದು ಸಂಜೆಯೇ ದುಡ್ಡು ಕೊಟ್ಟು ಕೊಳ್ಳಬಹುದು.

ಈಗ ಮೋಸದ ವಿಳಾಸವೊಂದನ್ನು ಹತ್ತಿರದಿಂದ ನೋಡೋಣ: "ಕರ್ನಾಟಕ ಡಾಟ್ ಗವ್ ಡಾಟ್ ಇನ್ ಡಾಟ್ ಅರ್ಜಿ ಡಾಟ್ ಕಾಮ್ / ಸ್ಕಾಲರ್‌ಶಿಪ್". ಕಣ್ಣು ಮೊದಲ ಮೂರು ಪದ ನೋಡಿ ಸಮಾಧಾನಪಡುತ್ತದೆ. ಸರಿಯಾದ ವಿಧಾನ ಹೀಗಿದೆ: ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿಎಸ್ ಆದ ಮೇಲೆ ಜೋಡಿ ಓರೆಗೆರೆ (//) ಇದ್ದರೆ ಅದನ್ನು ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯ ಮೇಲೆ ಬೆರಳಿಡಿ, ಅಲ್ಲಿಂದ ಎಡಕ್ಕೆ ಓದಿ. ಇಲ್ಲಿ ಸಿಗುವುದು "ಅರ್ಜಿ ಡಾಟ್ ಕಾಮ್". ಮನೆ ಅವರದ್ದು, ಮುಂದೆ ತಗುಲಿಸಿದ ಸರ್ಕಾರದ ಹೆಸರು ಬರೀ ಬೋರ್ಡು. ಓರೆಗೆರೆಯ ಬಲಕ್ಕೆ ಬರುವುದೆಲ್ಲ ಮನೆಯೊಳಗಿನ ಕೋಣೆಗಳು. ಅಲ್ಲಿ ಯಾವ ಹೆಸರಿದ್ದರೂ ನಂಬಬೇಕಾಗಿಲ್ಲ. ಫೋನಿನಲ್ಲಿ ವಿಳಾಸ ಅರ್ಧವೇ ಕಾಣುವುದರಿಂದ ಪೆಟ್ಟಿಗೆಯ ಮೇಲೆ ಒಮ್ಮೆ ಒತ್ತಿ ಪೂರ್ತಿ ತೆರೆದುಕೊಂಡೇ ಓದಿ.

ಬ್ಯಾಂಕುಗಳ ವಿಷಯದಲ್ಲಿ ಈಗ ಕೆಲಸ ಸುಲಭವಾಗಿದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ "ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನಿಮ್ಮ ಬ್ಯಾಂಕಿನ ತಾಣವನ್ನು ತೆರೆದಾಗ ಈ ಕೊನೆಯನ್ನು ನೋಡಿಕೊಳ್ಳಿ.

ವಿಳಾಸದ ಆರಂಭದಲ್ಲಿ ಬರುವ ಎಚ್‌ಟಿಟಿಪಿಎಸ್ ಕುರಿತು ಒಂದು ತಪ್ಪು ನಂಬಿಕೆ ಬೇರೂರಿದೆ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕುಳಿತವನು ಸಂಭಾವಿತನೋ ಕಳ್ಳನೋ ಎಂಬುದನ್ನು ಅದು ಹೇಳುವುದಿಲ್ಲ. ಎಚ್‌ಟಿಟಿಪಿಎಸ್ ಇದ್ದಲ್ಲಿ ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಚಿತ್ರ ಮೋಸದ ತಾಣಗಳಲ್ಲೂ ಇರುತ್ತಿದ್ದುದರಿಂದಲೇ 2023ರಲ್ಲಿ ಕ್ರೋಮ್ ಆ ಚಿತ್ರವನ್ನು ಕೈಬಿಟ್ಟಿತು. "ಬೀಗ ಇದ್ದರೆ ಸುರಕ್ಷಿತ" ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಮರೆತುಬಿಡಿ.

ಲಿಂಕ್ ಅಥವಾ ಕೊಂಡಿ ಎಂದರೆ ಒತ್ತಿದರೆ ಬೇರೆ ಪುಟಕ್ಕೆ ಒಯ್ಯುವ ಬರಹ. ಬರಹದಲ್ಲಿ ಒಂದು ಹೆಸರಿದ್ದು, ಒತ್ತಿದಾಗ ಇನ್ನೊಂದು ಮನೆಗೆ ಹೋಗುವಂತೆ ಮಾಡುವುದು ಬಹಳ ಸುಲಭ. ಕೊಂಡಿಯನ್ನು ಒತ್ತಿ ಹಿಡಿದರೆ ಒಳಗಿನ ನಿಜವಾದ ವಿಳಾಸ ಕಾಣುತ್ತದೆ. ಕ್ಯೂಆರ್ ಕೋಡ್ ಕೂಡ ಚಿತ್ರರೂಪದ ಒಂದು ಕೊಂಡಿಯೇ, ಅಥವಾ ಹಣ ಕಳಿಸುವ ವಿಳಾಸ. ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಬರುವ ಹೆಸರನ್ನು ಓದದೆ ಮುಂದುವರಿಯಬೇಡಿ.

## ಹಂತ 3: ಆ್ಯಪ್ ಬೇಕೇ ಎಂದು ತೀರ್ಮಾನಿಸಿ, ಅನುಮತಿಗಳನ್ನು ಓದಿ

ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಜಾಲತಾಣ ಸಾಕು, ಆ್ಯಪ್ ಬೇಡ ಎಂಬುದು ನನ್ನ ಅಭಿಪ್ರಾಯ. ಬೇಕೇ ಬೇಕೆಂದಾದರೆ ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನಿಂದ, ಐಫೋನಿನಲ್ಲಿ ಆ್ಯಪ್ ಸ್ಟೋರ್‌ನಿಂದ ಮಾತ್ರ ಇನ್‌ಸ್ಟಾಲ್ ಮಾಡಿ, ಅಂದರೆ ಫೋನಿಗೆ ಅಳವಡಿಸಿಕೊಳ್ಳಿ. ಒಂದೇ ಹೆಸರಿನ ಹತ್ತು ಆ್ಯಪ್‌ಗಳು ಕಂಡರೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಯಾರಕರ ಹೆಸರನ್ನು ನೋಡಿ. ಅಪ್‌ಡೇಟ್ ಎಂದರೆ ಈಗಾಗಲೇ ಇರುವ ಆ್ಯಪ್‌ನ ಹೊಸ, ತಿದ್ದಿದ ಆವೃತ್ತಿಯನ್ನು ಪಡೆಯುವುದು. ಅದೂ ಅದೇ ಸ್ಟೋರ್‌ನಿಂದಲೇ ಬರಬೇಕು.

ಎಪಿಕೆ ಎಂಬ ಮೂರಕ್ಷರವನ್ನು ಮನೆಯವರಿಗೆಲ್ಲ ಕಲಿಸಿ. ಆಂಡ್ರಾಯ್ಡ್ ಆ್ಯಪ್‌ನ ಕಟ್ಟು ಅದು. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್, ಕಿಸಾನ್ ಯೋಜನೆಯ ಪಟ್ಟಿ ಎಂಬ ಹೆಸರಿನಲ್ಲಿ ಎಪಿಕೆ ಕಡತ ಕಳಿಸಿ, ತೆರೆದವರ ಫೋನಿನ ಎಸ್ಸೆಮ್ಮೆಸ್‌ಗಳನ್ನು ಓದಿ ಬ್ಯಾಂಕಿನ ಹಣ ಎಳೆಯುವ ಮೋಸ ನಡೆಯುತ್ತಿದೆ. ಕರೆಯೋಲೆ ಫೋಟೋ ಆಗಿಯೋ ಪಿಡಿಎಫ್ ಆಗಿಯೋ ವಿಡಿಯೊ ಆಗಿಯೋ ಬರುತ್ತದೆ. ಆ್ಯಪ್ ಆಗಿ ಬರುವುದಿಲ್ಲ. ಕಳಿಸಿದವರು ನಿಮ್ಮ ಸ್ವಂತ ಭಾವನಾದರೂ ಸರಿ, ಅವರ ಫೋನು ಆಗಲೇ ಬೇರೆಯವರ ಕೈಗೆ ಸಿಕ್ಕಿರಬಹುದು.

ಪರ್ಮಿಷನ್ ಅಥವಾ ಅನುಮತಿ ಎಂದರೆ ಫೋನಿನ ಯಾವ ಭಾಗವನ್ನು ಆ್ಯಪ್ ಮುಟ್ಟಬಹುದು ಎಂಬ ಪ್ರಶ್ನೆ. ದಾಖಲೆಯ ಫೋಟೋ ತೆಗೆಯುವ ಆ್ಯಪ್ ಕ್ಯಾಮೆರಾ ಕೇಳುವುದು ಸಹಜ. ಕ್ಯಾಲೆಂಡರ್ ಆ್ಯಪ್ ನಿಮ್ಮ ಎಸ್ಸೆಮ್ಮೆಸ್ ಓದಲು ಕೇಳುವುದು ಸಹಜವಲ್ಲ. ಆಯ್ಕೆ ಕೊಟ್ಟಲ್ಲೆಲ್ಲ "ಆ್ಯಪ್ ಬಳಸುವಾಗ ಮಾತ್ರ" ಅಥವಾ "ಈ ಸಲ ಮಾತ್ರ" ಎಂಬುದನ್ನು ಆರಿಸಿ. ಆಕ್ಸೆಸಿಬಿಲಿಟಿ ಎಂಬ ಅನುಮತಿ ಬೇರೆಯೇ ಜಾತಿಯದು. ದೃಷ್ಟಿ ಅಥವಾ ಅಂಗ ನ್ಯೂನತೆಯಿರುವವರಿಗೆ ನೆರವಾಗಲೆಂದು ಇರುವ ಅದು ಪರದೆಯನ್ನೆಲ್ಲ ಓದಿ ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲುದು. ಪರಿಚಯವಿಲ್ಲದ ಆ್ಯಪ್ ಅದನ್ನು ಕೇಳಿದರೆ ಆ ಆ್ಯಪನ್ನೇ ತೆಗೆದುಹಾಕಿ.

## ಹಂತ 4: ಒಳಹೋಗುವ ಮೊದಲೇ ಕಡತಗಳನ್ನು ಸಿದ್ಧಮಾಡಿ

ಬಹುತೇಕರು ಲಾಗಿನ್ ಆದ ಮೇಲೆ ಅಂಕಪಟ್ಟಿಯ ಫೋಟೋ ತೆಗೆಯಲು ಏಳುತ್ತಾರೆ. ಅಷ್ಟರಲ್ಲಿ ಸಮಯ ಮುಗಿದು ತಾಣ ಅವರನ್ನು ಹೊರಹಾಕಿರುತ್ತದೆ. ಹಾಗಾಗಿ ಕಡತದ ಕೆಲಸ ಲಾಗಿನ್‌ಗಿಂತ ಮುಂಚೆ.

ಕಡತ ಎಂದರೆ ಫೈಲ್: ಒಂದು ಫೋಟೋ, ಒಂದು ಪತ್ರ, ಒಂದು ಹಾಡು, ಯಾವುದಾದರೂ ಆಗಬಹುದು. ಅಪ್‌ಲೋಡ್ ಎಂದರೆ ನಿಮ್ಮ ಫೋನಿನಿಂದ ತಾಣಕ್ಕೆ ಏರಿಸುವುದು, ಡೌನ್‌ಲೋಡ್ ಎಂದರೆ ತಾಣದಿಂದ ಫೋನಿಗೆ ಇಳಿಸಿಕೊಳ್ಳುವುದು. ಹೆಸರಿನ ಕೊನೆಯ ಚುಕ್ಕೆಯ ನಂತರದ ಅಕ್ಷರಗಳು ಕಡತದ ಬಗೆಯನ್ನು ಹೇಳುತ್ತವೆ. ಜೆಪಿಜಿ ಮತ್ತು ಪಿಎನ್‌ಜಿ ಚಿತ್ರಗಳು. ಪಿಡಿಎಫ್ ಪುಟದ ರೂಪದ ದಾಖಲೆ. ತಾಣ ಪಿಡಿಎಫ್ ಕೇಳಿದಾಗ ಜೆಪಿಜಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಹೆಸರಿನ ಕೊನೆಯನ್ನು ಕೈಯಾರೆ ತಿದ್ದಿ ಪಿಡಿಎಫ್ ಎಂದು ಬರೆದರೆ ಒಳಗಿನದು ಬದಲಾಗುವುದಿಲ್ಲ. ಫೋನಿನ ಸ್ಕ್ಯಾನ್ ಸೌಲಭ್ಯ ಬಳಸಿ ನಿಜವಾದ ಪಿಡಿಎಫ್ ಮಾಡಬೇಕು. ಗೂಗಲ್ ಡ್ರೈವ್‌ನಲ್ಲಿ ಕ್ಯಾಮೆರಾದ ಗುರುತು ಒತ್ತಿದರೆ ಈ ಸ್ಕ್ಯಾನ್ ಸಿಗುತ್ತದೆ.

ಕೆಬಿ, ಎಂಬಿ ಎಂಬುವು ಕಡತದ ತೂಕ. 1024 ಕೆಬಿ ಸೇರಿದರೆ 1 ಎಂಬಿ. ಈಗಿನ ಫೋನಿನ ಒಂದು ಫೋಟೋ ಸಾಮಾನ್ಯವಾಗಿ 2ರಿಂದ 5 ಎಂಬಿ ತೂಗುತ್ತದೆ. ತಾಣ 200 ಕೆಬಿ ಕೇಳಿದರೆ ಅದನ್ನು ಹತ್ತು ಇಪ್ಪತ್ತು ಪಟ್ಟು ಇಳಿಸಬೇಕು. ಮನೆಯಲ್ಲೇ ಮಾಡಬಹುದಾದ ದಾರಿ ಹೀಗಿದೆ:

1. ಅಂಕಪಟ್ಟಿಯನ್ನು ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ ನೆಲದ ಮೇಲಿಟ್ಟು, ನಿಮ್ಮ ನೆರಳು ಬೀಳದಂತೆ ನೇರ ಮೇಲಿನಿಂದ ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ, ಲ್ಯಾಮಿನೇಷನ್ ಇದ್ದರೆ ನಡುವೆ ಬಿಳಿ ಚುಕ್ಕೆ ಬೀಳುತ್ತದೆ.
2. ಕ್ರಾಪ್ ಮಾಡಿ, ಅಂದರೆ ಸುತ್ತಲಿನ ನೆಲ, ಚಾಪೆ, ನಿಮ್ಮ ಕಾಲ್ಬೆರಳನ್ನು ಕತ್ತರಿಸಿ ತೆಗೆಯಿರಿ. ತೂಕ ಇಲ್ಲೇ ಒಂದಷ್ಟು ಇಳಿಯುತ್ತದೆ.
3. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಅದನ್ನು ಫೋಟೋ ಆಗಿ ಕಳಿಸಿ, ಬಂದದ್ದನ್ನು ಉಳಿಸಿಕೊಳ್ಳಿ. ಎಚ್‌ಡಿ ಆರಿಸಬೇಡಿ. ವಾಟ್ಸ್‌ಆ್ಯಪ್ ಫೋಟೋಗಳನ್ನು ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ.
4. ಗ್ಯಾಲರಿಯಲ್ಲಿ ಫೋಟೋದ ವಿವರ ತೆರೆದು ಈಗ ಎಷ್ಟು ಕೆಬಿ ಇದೆ ನೋಡಿ. ಹಿಗ್ಗಿಸಿ ನೋಡಿದಾಗ ನೋಂದಣಿ ಸಂಖ್ಯೆಯ ಅಂಕಿಗಳು ಓದಲು ಬರುವಂತಿರಬೇಕು.
5. ಕಡತಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಚಿಕ್ಕ ಹೆಸರಿಡಿ. ಹೆಸರಿನಲ್ಲಿ ಖಾಲಿ ಜಾಗವೋ ಕನ್ನಡ ಅಕ್ಷರವೋ ಇದ್ದರೆ ಕೆಲವು ತಾಣಗಳು ಕಾರಣ ಹೇಳದೆ ನಿರಾಕರಿಸುತ್ತವೆ.

ಪಿಡಿಎಫ್ ಕುಗ್ಗಿಸಿಕೊಡುತ್ತೇವೆ ಎನ್ನುವ ಪರಿಚಯವಿಲ್ಲದ ತಾಣಗಳಿಗೆ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳನ್ನು ಏರಿಸಬೇಡಿ. ಅಲ್ಲಿಗೆ ಹೋದ ಪ್ರತಿ ಯಾರ ಬಳಿ ಉಳಿಯುತ್ತದೆ ಎಂಬುದನ್ನು ನೀವು ನೋಡಲಾರಿರಿ.

ಇ-ಆಧಾರ್, ಅಂದರೆ ಆಧಾರ್‌ನ ಪಿಡಿಎಫ್ ಪ್ರತಿ, ಇಳಿಸಿಕೊಂಡವರು ಇಲ್ಲೇ ಇನ್ನೊಂದು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ: ಆ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ. ಅದು ಆಧಾರ್‌ನಲ್ಲಿರುವ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಸುರೇಶ ಎಂಬವರು 1990ರಲ್ಲಿ ಹುಟ್ಟಿದ್ದರೆ ಎಸ್, ಯು, ಆರ್, ಇ, ಅದಕ್ಕೆ ಅಂಟಿಕೊಂಡಂತೆ 1990.

## ಹಂತ 5: ಖಾತೆ ತೆರೆಯಿರಿ, ನಾಲ್ಕು ಬೀಗದಕೈಗಳನ್ನು ಬೇರೆಬೇರೆಯಾಗಿಡಿ

ರಿಜಿಸ್ಟರ್, ಸೈನ್ ಅಪ್, ನೋಂದಣಿ ಇವು ಮೊದಲ ಸಲ ಖಾತೆ ತೆರೆಯುವುದಕ್ಕೆ. ಲಾಗಿನ್, ಸೈನ್ ಇನ್ ಇವು ಈಗಾಗಲೇ ತೆರೆದ ಖಾತೆಯೊಳಗೆ ಹೋಗುವುದಕ್ಕೆ. ಕಳೆದ ವರ್ಷದ ಖಾತೆಯನ್ನು ಮರೆತು ಮತ್ತೆ ಸೈನ್ ಅಪ್ ಮಾಡಲು ಹೋದವರಿಗೆ "ಈ ಸಂಖ್ಯೆ ಈಗಾಗಲೇ ನೋಂದಣಿಯಾಗಿದೆ" ಎಂಬ ಉತ್ತರ ಬರುತ್ತದೆ. ಅದು ದೋಷವಲ್ಲ, ಲಾಗಿನ್ ಪುಟಕ್ಕೆ ಹೋಗಿ "ಫರ್ಗಾಟ್ ಪಾಸ್‌ವರ್ಡ್" ಒತ್ತಿ ಎಂಬ ಸೂಚನೆ.

ಯೂಸರ್ ಐಡಿ ಅಥವಾ ಬಳಕೆದಾರ ಹೆಸರು ನೀವು ಯಾರು ಎಂದು ಹೇಳುತ್ತದೆ, ಅದು ಗುಟ್ಟೇನಲ್ಲ. ಅದು ನೀವೇ ಎಂದು ಸಾಬೀತುಪಡಿಸುವವು ಉಳಿದವು, ಮತ್ತು ಗೊಂದಲವೆಲ್ಲ ಇವುಗಳ ನಡುವೆಯೇ. ಒಂದೇ ಪಾಸ್‌ವರ್ಡನ್ನು ಒಂದು ತಾಣ ಗುಪ್ತಪದ ಎಂದರೆ ಇನ್ನೊಂದು ಪ್ರವೇಶಪದ ಎನ್ನುವುದರಿಂದ, ಕನ್ನಡದಲ್ಲಿ ಓದುವವರಿಗೆ ಇಲ್ಲಿ ಎರಡು ಪಟ್ಟು ತೊಂದರೆ.

ಪಾಸ್‌ವರ್ಡ್ ನೀವೇ ಇಟ್ಟುಕೊಂಡದ್ದು, ನೀವು ಬದಲಿಸುವ ತನಕ ಅದೇ ಇರುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ ಎಂದೇ ಲೆಕ್ಕ. ಫೋನಿನ ಕೀಲಿಮಣೆ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದಾಗಿಸಿ "ತಪ್ಪು ಪಾಸ್‌ವರ್ಡ್" ಬರಿಸುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಪೆಟ್ಟಿಗೆಯ ಬಲತುದಿಯ ಕಣ್ಣಿನ ಚಿತ್ರ ಒತ್ತಿ, ಬರೆದದ್ದನ್ನು ಓದಿ, ಆಮೇಲೆ ಮುಂದುವರಿಯಿರಿ. ಓಟಿಪಿ ತಾಣವೇ ಆ ಕ್ಷಣಕ್ಕೆಂದು ಕಳಿಸಿದ್ದು. ಒಂದೇ ಸಲ, ಕೆಲವೇ ನಿಮಿಷ ಬಾಳುತ್ತದೆ. ತಡವಾಯಿತೆಂದು ಮೂರು ಸಲ ರೀಸೆಂಡ್ ಒತ್ತಿದರೆ ಮೂರು ಓಟಿಪಿಗಳು ಒಟ್ಟಿಗೆ ಬರುತ್ತವೆ. ಸಾಮಾನ್ಯವಾಗಿ ಕೊನೆಯದು ಮಾತ್ರ ನಡೆಯುತ್ತದೆ. ಪಿನ್ ನೀವಿಟ್ಟ ಅಂಕಿಗಳ ಗುಟ್ಟು. ಯುಪಿಐನಲ್ಲಿ ಅದು 4 ಅಥವಾ 6 ಅಂಕಿ. ಹಣ ಕಳಿಸಲು ಮತ್ತು ಖಾತೆಯಲ್ಲಿ ಎಷ್ಟು ಹಣವಿದೆ ನೋಡಲು ಪಿನ್ ಬೇಕು. ಹಣ ಪಡೆಯಲು ಎಂದಿಗೂ ಬೇಡ. ಕ್ಯಾಪ್ಚಾ ಎಂಬ ಸೊಟ್ಟ ಅಕ್ಷರಗಳ ಚಿತ್ರ ಗುಟ್ಟೇ ಅಲ್ಲ. ನೀವು ಯಂತ್ರವಲ್ಲ, ಮನುಷ್ಯ ಎಂದು ತೋರಿಸುವ ಪರೀಕ್ಷೆ. ಓದಲಾಗದಿದ್ದರೆ ಪಕ್ಕದ ಸುತ್ತುಬಾಣ ಒತ್ತಿ ಬೇರೆ ಚಿತ್ರ ತರಿಸಿ.

ಓಟಿಪಿ ಬಂದ ಎಸ್ಸೆಮ್ಮೆಸ್ಸನ್ನು ಪೂರ್ತಿ ಓದುವ ಅಭ್ಯಾಸ ಮಾಡಿ, ಏಕೆಂದರೆ ಅಂಕಿಯ ಜೊತೆಗೆ ಅದು ಯಾವ ಕೆಲಸಕ್ಕೆ ಎಂದೂ ಅದರಲ್ಲಿ ಬರೆದಿರುತ್ತದೆ. ವಿದ್ಯಾರ್ಥಿವೇತನಕ್ಕೆಂದು ಯಾರೋ ಕೇಳಿದ ಓಟಿಪಿಯ ಸಾಲಿನಲ್ಲಿ ಇಷ್ಟು ಸಾವಿರ ರೂಪಾಯಿ ವಹಿವಾಟಿಗೆ ಎಂದಿದ್ದರೆ ಅಲ್ಲಿಗೇ ನಿಲ್ಲಿ. 2025ರಿಂದ ಸಂಸ್ಥೆಗಳ ಎಸ್ಸೆಮ್ಮೆಸ್‌ನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬರುತ್ತಿದೆ: ಪಿ ಎಂದರೆ ಜಾಹೀರಾತು, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ಸರ್ಕಾರದ ಹೆಸರು ಹೇಳುವ ಸಂದೇಶ ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬಂದರೆ ಅನುಮಾನಿಸಿ.

ಟು-ಸ್ಟೆಪ್ ವೆರಿಫಿಕೇಶನ್ ಎಂದರೆ ಎರಡು ಬೀಗ. ವಾಟ್ಸ್‌ಆ್ಯಪ್‌ನಲ್ಲಿ ಇದು 6 ಅಂಕಿಯ ಪಿನ್. ಸೆಟ್ಟಿಂಗ್ಸ್, ಅಕೌಂಟ್ ಎಂಬ ದಾರಿಯಲ್ಲಿ ಸಿಗುತ್ತದೆ. ಈ ಸಾಲು ಓದಿದ ಕೂಡಲೇ ಹಾಕಿಕೊಂಡರೂ ತಪ್ಪಿಲ್ಲ.

## ಹಂತ 6: ಅರ್ಜಿಯ ಪೆಟ್ಟಿಗೆಗಳನ್ನು ತುಂಬಿ

ಕೆಂಪು ನಕ್ಷತ್ರ ಇರುವ ಪೆಟ್ಟಿಗೆ ಕಡ್ಡಾಯ. ದುಂಡನೆಯ ಗುಂಡಿಗಳಲ್ಲಿ ಒಂದನ್ನು ಮಾತ್ರ ಆರಿಸಬಹುದು. ಚೌಕದ ಪೆಟ್ಟಿಗೆಗಳಲ್ಲಿ ಎಷ್ಟನ್ನು ಬೇಕಾದರೂ ಗುರುತು ಮಾಡಬಹುದು. ಡ್ರಾಪ್‌ಡೌನ್ ಎಂದರೆ ಒತ್ತಿದಾಗ ಕೆಳಗಿಳಿಯುವ ಪಟ್ಟಿ. ಜಿಲ್ಲೆ ಆರಿಸದೆ ತಾಲೂಕಿನ ಪಟ್ಟಿ ತೆರೆದರೆ ಖಾಲಿ ಕಾಣುತ್ತದೆ; ಮೇಲಿನದನ್ನು ಮೊದಲು ಆರಿಸಿ, ಕೆಳಗಿನದು ತುಂಬಲು ಒಂದೆರಡು ಕ್ಷಣ ಕಾಯಿರಿ.

ಹುಟ್ಟಿದ ದಿನಾಂಕದ ಕ್ಯಾಲೆಂಡರ್ ಹಿರಿಯರನ್ನು ಬಹಳ ಸತಾಯಿಸುತ್ತದೆ. 1968ಕ್ಕೆ ಹೋಗಲು ಒಬ್ಬರು ಎಡಬಾಣವನ್ನು ಒಂದೊಂದು ತಿಂಗಳಂತೆ ಒತ್ತುತ್ತಾ ಹೋಗುತ್ತಿದ್ದರು. ನಾನು ನೋಡುವ ಹೊತ್ತಿಗೆ 2009ಕ್ಕೆ ತಲುಪಿದ್ದರು. ಮೇಲಿನ ವರ್ಷದ ಅಂಕಿಯ ಮೇಲೇ ಒತ್ತಿದರೆ ಹೆಚ್ಚಿನ ಕಡೆ ವರ್ಷಗಳ ಪಟ್ಟಿ ತೆರೆದುಕೊಳ್ಳುತ್ತದೆ.

ಸೊನ್ನೆ ಮತ್ತು ಇಂಗ್ಲಿಷಿನ ಓ ಅಕ್ಷರದ ಗೊಂದಲ ಅರ್ಜಿಗಳನ್ನು ಕೆಡಿಸುವ ಇನ್ನೊಂದು ಮೂಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ ಆರ್‌ಡಿ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತದೆ; ಆಮೇಲಿನವೆಲ್ಲ ಅಂಕಿಗಳೇ. ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡು ಒಟ್ಟು 11 ಅಕ್ಷರಗಳದು, ಅದರ ಐದನೆಯದು ಯಾವಾಗಲೂ ಸೊನ್ನೆ. ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆಯುವವರು ಇನ್ನೂ ಒಂದು ವಿಷಯ ಗಮನಿಸಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆ ಹಳೆಯ ಕೋಡುಗಳು ಈಗ ನಡೆಯುವುದಿಲ್ಲ. ಹೊಸ ಪಾಸ್‌ಬುಕ್ ಮಾಡಿಸಿಕೊಂಡೇ ಕುಳಿತುಕೊಳ್ಳಿ.

ಆಧಾರ್ ಸೀಡಿಂಗ್ ಎಂಬ ಪದವೂ ಇಲ್ಲಿ ಎದುರಾಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟು ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಮುಗಿಸಿದರೆ ಸೀಡಿಂಗ್ ಆಯಿತೆಂದಲ್ಲ. ನಿಮ್ಮ ಆಧಾರ್‌ಗೆ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಎಂಬ ಸಂಸ್ಥೆಯ ದಾಖಲೆಯಲ್ಲಿ ಸೇರಿಸುವುದು ಸೀಡಿಂಗ್. ಒಬ್ಬರಿಗೆ ಒಂದೇ ಬ್ಯಾಂಕು, ಕೊನೆಯದಾಗಿ ಸೇರಿಸಿದ್ದೇ ಊರ್ಜಿತ. ವಿದ್ಯಾರ್ಥಿವೇತನ ಮಂಜೂರಾಗಿಯೂ ಹಣ ಬರಲಿಲ್ಲ ಎನ್ನುವವರು ಮೊದಲು ಇದನ್ನು ವಿಚಾರಿಸಬೇಕು.

ಕನ್ನಡದಲ್ಲಿ ಬರೆಯುವ ಪೆಟ್ಟಿಗೆಗಳಿಗೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಫೋನಿನ ಕನ್ನಡ ಕೀಲಿಮಣೆ ಬಳಸಿದರೆ ಈ ತೊಂದರೆಯಿಲ್ಲ.

## ಹಂತ 7: ಸೇವ್, ಪ್ರಿವ್ಯೂ, ಸಬ್‌ಮಿಟ್ ಒಂದೇ ಅಲ್ಲ

ಸೇವ್ ಅಥವಾ ಡ್ರಾಫ್ಟ್ ಎಂದರೆ ಕರಡು ಉಳಿಯಿತು, ಕಚೇರಿಗೆ ಹೋಗಲಿಲ್ಲ. ಪ್ರಿವ್ಯೂ ಎಂದರೆ ಕಳಿಸುವ ಮೊದಲಿನ ಮುನ್ನೋಟ. ಹೆಸರಿನ ಕಾಗುಣಿತ, ಖಾತೆ ಸಂಖ್ಯೆ, ವರ್ಷ ಈ ಮೂರನ್ನು ಇಲ್ಲಿ ಬಾಯಿಬಿಟ್ಟು ಓದಿ. ಸಬ್‌ಮಿಟ್ ಅಥವಾ "ಸಲ್ಲಿಸು" ಒತ್ತಿದ ಮೇಲಷ್ಟೇ ಅರ್ಜಿ ಹೋಗುತ್ತದೆ, ಹೆಚ್ಚಿನ ಕಡೆ ಮತ್ತೆ ತಿದ್ದಲಾಗದು. ಹೋಯಿತೆಂಬುದಕ್ಕೆ ಪುರಾವೆ ಒಂದೇ, ಸ್ವೀಕೃತಿ ಸಂಖ್ಯೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಸ್ಕ್ರೀನ್‌ಶಾಟ್, ಅಂದರೆ ಪರದೆಯ ಚಿತ್ರ, ತೆಗೆದು, ಪಿಡಿಎಫ್ ಇಳಿಸಿಕೊಳ್ಳುವ ತನಕ ಆ ಪುಟ ಮುಚ್ಚಬೇಡಿ.

ಶುಲ್ಕ ಕಟ್ಟುವಾಗ ಪೇಮೆಂಟ್ ಗೇಟ್‌ವೇ ಎಂಬ ಬೇರೆ ಪುಟಕ್ಕೆ ಹೋಗುತ್ತೀರಿ. ಅಲ್ಲಿ ಸುತ್ತುವ ಚಕ್ರ ಕಂಡಾಗ ಹಿಂದಿನ ಬಾಣ ಒತ್ತಬೇಡಿ, ಪುಟವನ್ನು ರಿಫ್ರೆಶ್ ಮಾಡಬೇಡಿ, ಅಂದರೆ ಮತ್ತೆ ಹೊಸದಾಗಿ ತೆರೆಸಬೇಡಿ. ಪೆಂಡಿಂಗ್ ಎಂದು ಬಂದು ಖಾತೆಯಿಂದ ಹಣವೂ ಹೋಗಿದ್ದರೆ ಕೂಡಲೇ ಎರಡನೆಯ ಸಲ ಕಟ್ಟಬೇಡಿ. ಯುಪಿಐ ಆ್ಯಪ್‌ನಲ್ಲಿ ಆ ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಂಡು, ತಾಣದಲ್ಲಿ ಪಾವತಿಯ ಸ್ಥಿತಿ ನೋಡುವ ಜಾಗವನ್ನು ಹುಡುಕಿ.

## ಹಂತ 8: ದೋಷದ ಸಂದೇಶವನ್ನು ಮುಚ್ಚುವ ಮೊದಲು ಓದಿ

ದೋಷದ ಪೆಟ್ಟಿಗೆ ಬಂದ ಕೂಡಲೇ ಓಕೆ ಒತ್ತಿ ಮುಚ್ಚುವುದು ನಮ್ಮ ಕೈಗೆ ಅಂಟಿದ ಚಟ. ಕಾರಣ ಆ ಸಾಲಿನಲ್ಲೇ ಇರುತ್ತದೆ. ಮೂರಂಕಿಯ ಸಂಖ್ಯೆ ಇದ್ದರೆ ಮೊದಲ ಅಂಕಿ ನೋಡಿ: 4ರಿಂದ ಆರಂಭವಾದರೆ ನೀವು ಕೇಳಿದ್ದರಲ್ಲಿ ಏನೋ ಸರಿಯಿಲ್ಲ, 5ರಿಂದ ಆರಂಭವಾದರೆ ತೊಂದರೆ ಅವರ ಸರ್ವರ್‌ನಲ್ಲಿ. ಸರ್ವರ್ ಎಂದರೆ ಆ ತಾಣ ನೆಲೆಸಿರುವ ಕಂಪ್ಯೂಟರ್. 404 ಎಂದರೆ ಆ ವಿಳಾಸದಲ್ಲಿ ಪುಟವೇ ಇಲ್ಲ. ಮುಖಪುಟದಿಂದ ಹೊಸದಾಗಿ ದಾರಿ ಹಿಡಿಯಿರಿ. 500, 503, 504 ಬಂದರೆ ನೀವು ಏನು ತಿದ್ದಿದರೂ ಉಪಯೋಗವಿಲ್ಲ. ಬೆಳಗ್ಗೆ ಆರು ಗಂಟೆಗೆ ಬಂದು ನೋಡಿ.

"ಸೆಷನ್ ಎಕ್ಸ್‌ಪೈರ್ಡ್" ಎಂದರೆ ಒಳಗಿರಲು ಕೊಟ್ಟ ಸಮಯ ಮುಗಿಯಿತು. ಮಧ್ಯಾಹ್ನವೊಂದರಲ್ಲಿ ನಾನೇ ಐದು ಪುಟಗಳ ಅರ್ಜಿ ತುಂಬಿ, ಕುಕ್ಕರಿನ ಸೀಟಿ ಎಣಿಸಲು ಅಡುಗೆಮನೆಗೆ ಹೋಗಿ ಬಂದಾಗ ಪರದೆಯ ಮೇಲೆ ಈ ಎರಡು ಪದ ಬಿಟ್ಟು ಬೇರೇನೂ ಇರಲಿಲ್ಲ. ಅಂದಿನಿಂದ ಪ್ರತಿ ಪುಟಕ್ಕೂ ಸೇವ್ ಒತ್ತುತ್ತೇನೆ.

ಕ್ಯಾಶೆ ಎಂದರೆ ಪುಟಗಳು ಬೇಗ ತೆರೆಯಲೆಂದು ಫೋನು ಉಳಿಸಿಟ್ಟುಕೊಂಡ ಹಳೆಯ ತುಣುಕುಗಳು. ಕುಕಿ ಎಂದರೆ ನಿಮ್ಮ ಗುರುತಿಗಾಗಿ ತಾಣ ನಿಮ್ಮ ಬ್ರೌಸರಿನಲ್ಲಿ ಬಿಟ್ಟುಹೋದ ಚೀಟಿ. ಒಂದು ತಾಣ ಬೇರೆಯವರ ಫೋನಿನಲ್ಲಿ ತೆರೆದು ನಿಮ್ಮಲ್ಲಿ ಮಾತ್ರ ಕೆಟ್ಟಂತೆ ಕಂಡರೆ, ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ಹಳೆಯ ಕ್ಯಾಶೆ, ಕುಕಿಗಳನ್ನು ಬಳಸದ ಬ್ರೌಸರ್ ಕಿಟಕಿಯಲ್ಲಿ, ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ಕ್ಯಾಶೆ ಅಳಿಸಿ. ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ "ಕ್ಲಿಯರ್ ಕ್ಯಾಶೆ" ಪಕ್ಕದಲ್ಲೇ "ಕ್ಲಿಯರ್ ಡೇಟಾ" ಇರುತ್ತದೆ. ಅದನ್ನು ಒತ್ತಿದರೆ ಆ್ಯಪ್ ಹೊಸದಾಗಿ ಹಾಕಿದಂತಾಗಿ ಒಳಗಿನದೆಲ್ಲ ಹೋಗುತ್ತದೆ.

## ಹಂತ 9: ಹೊರಬನ್ನಿ

ಪುಟ ಮುಚ್ಚುವುದು ಲಾಗೌಟ್ ಅಲ್ಲ. ಸೈಬರ್ ಸೆಂಟರ್‌ನಲ್ಲಿದ್ದರೆ ಇದನ್ನು ಇನ್ನಷ್ಟು ಗಟ್ಟಿಯಾಗಿ ಪಾಲಿಸಿ: ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದಾಗ ಬೇಡ ಎನ್ನಿ, ಲಾಗೌಟ್ ಆಗಿ, ಇಳಿಸಿದ ಕಡತಗಳನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಪ್ರಿಂಟ್‌ಗಾಗಿ ವಾಟ್ಸ್‌ಆ್ಯಪ್ ವೆಬ್, ಅಂದರೆ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್, ತೆರೆದಿದ್ದರೆ ನಿಮ್ಮ ಫೋನಿನ "ಲಿಂಕ್ಡ್ ಡಿವೈಸಸ್" ಪಟ್ಟಿಯಿಂದ ಆ ಕಂಪ್ಯೂಟರನ್ನು ತೆಗೆದುಹಾಕಿ.

## ತಪ್ಪು ಗುಂಡಿ ಒತ್ತಿಬಿಟ್ಟಿದ್ದರೆ

ಯಾರೋ ಕರೆಯಲ್ಲಿ ಹೇಳಿಕೊಡುತ್ತಾ "ಸ್ಕ್ರೀನ್ ಶೇರ್ ಒತ್ತಿ" ಎಂದರೆ ನಿಮ್ಮ ಪರದೆಯಲ್ಲಿ ಕಾಣುವುದೆಲ್ಲ, ಬರುವ ಓಟಿಪಿ ಸಹಿತ, ಅವರಿಗೂ ಕಾಣುತ್ತದೆ. ಹಾಗೆ ಒತ್ತಿದ್ದರೆ, ಎಪಿಕೆ ತೆರೆದಿದ್ದರೆ, ಇಲ್ಲವೇ ಸುಳ್ಳು ತಾಣಕ್ಕೆ ಪಾಸ್‌ವರ್ಡ್ ಕೊಟ್ಟಿದ್ದರೆ ನಾಚಿಕೆಪಟ್ಟು ರಾತ್ರಿಯೆಲ್ಲ ಕೂರಬೇಡಿ. ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿ:

1. ಆ ಫೋನಿನ ಡೇಟಾ ಮತ್ತು ವೈಫೈ ಆಫ್ ಮಾಡಿ, ಅಥವಾ ಏರೋಪ್ಲೇನ್ ಮೋಡ್ ಹಾಕಿ.
2. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡು ಮತ್ತು ಯುಪಿಐ ತಡೆಹಿಡಿಸಿ.
3. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಅಥವಾ "ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್" ತಾಣದಲ್ಲಿ ದೂರು ಕೊಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಯಬೇಕಾದ್ದರಿಂದ ಇಲ್ಲಿ ನಿಮಿಷಗಳ ಲೆಕ್ಕ. ವಹಿವಾಟಿನ ಉಲ್ಲೇಖ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ದೂರಿನ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.
4. ಬೇರೆ ಫೋನಿನಿಂದಲೇ ಇಮೇಲ್ ಪಾಸ್‌ವರ್ಡ್ ಮೊದಲು, ಉಳಿದವು ಆಮೇಲೆ ಬದಲಿಸಿ. ಉಳಿದ ಹಲವು ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಇಮೇಲ್‌ಗೇ ಬರುವುದರಿಂದ ಈ ಕ್ರಮ ಮುಖ್ಯ.
5. ಸಂದೇಶ, ಕರೆಯ ಸಂಖ್ಯೆ, ಆ ಆ್ಯಪ್‌ನ ಹೆಸರು ಇವುಗಳ ಚಿತ್ರವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು, ಅಂದರೆ ಎಲ್ಲ ಅಳಿಸಿ ಹೊಸದರಂತಾಗಿಸುವುದು, ಈ ಚಿತ್ರಗಳು ಕೈಸೇರಿದ ಮೇಲೆಯೇ.